ಮಾವನ ಒಂದು ಕೈಯ ಸಿದ್ಧಾಂತ

ನಮ್ಮ ಸೋದರಮಾವ ಜನ್ಮದಲ್ಲಿ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೆ ವಿಮಾನದಿಂದ ಇಳಿಯುವ ವಿಚಾರದಲ್ಲಿ ಅವರಿಗೆ ಪೇಟೆಂಟ್ ಇದೆ! ನಂಬದಿದ್ದರೆ ಶಿಕಾರಿಪುರಕ್ಕೆ ಬನ್ನಿ. ಸಂತೆ ಮೈದಾನದ ಪಕ್ಕದ ಸೈಕಲ್ ಶಾಪು ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ತೋರಿಸುವಾಗ ಸ್ವಲ್ಪ ನಗುತ್ತಾರೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ನಾನಂತೂ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಶಿವಮೊಗ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಿಂತು, ಯಾರಾದರೂ ಇವತ್ತು ಸೋಮವಾರ ಎಂದರೂ "ಆಧಾರ ಏನು?" ಎಂದು ಕೇಳುವ ಚಟ ಅಂಟಿಕೊಂಡಿದೆ. ಆದ್ದರಿಂದ ಈ ಪೇಟೆಂಟನ್ನೂ ಕಣ್ಣಾರೆ ನೋಡಿಯೇ ಹೇಳುತ್ತಿದ್ದೇನೆ. ಕಲ್ಕತ್ತೆಯ ಕಚೇರಿಯ ಮೊಹರು ಬಿದ್ದ ಕಾಗದ. ಮಾವ ಅದಕ್ಕೆ ಗಾಜು ಕಟ್ಟಿಸಿ, ನಡುಮನೆಯಲ್ಲಿ ಬಸವಣ್ಣನವರ ಪಟದ ಪಕ್ಕಕ್ಕೇ ತೂಗುಹಾಕಿದ್ದಾರೆ. ಮಹಾನವಮಿಯ ದಿನ ಅದಕ್ಕೂ ವಿಭೂತಿ ಬೀಳುತ್ತದೆ.

ಒಮ್ಮೆ ಊರಿನ ಶಾನುಭೋಗರು ಬಂದವರು ಕನ್ನಡಕ ಏರಿಸಿ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಅವರ ಲೆಕ್ಕದಲ್ಲಿ ಮೊಹರು ಬಿದ್ದ ಕಾಗದವೆಂದರೆ ಜಮೀನಿನದೇ.

"ಎಲ್ಲಾ ಸರಿ ಐತ್ರೀ, ಚಕ್ಕುಬಂದಿ ಎಲ್ಲಿ? ಪೂರ್ವಕ್ಕೆ ಯಾರ್ದು, ಪಶ್ಚಿಮಕ್ಕೆ ಯಾರ್ದು?"

"ಇದು ವಿಮಾನದ್ದು ಶಾನುಭೋಗ್ರೇ. ನಾಲ್ಕೂ ಕಡೆ ಆಕಾಶ!" ಎಂದರು ಮಾವ.

"ಹಂಗಾದ್ರೆ ಒತ್ತುವರಿ ಆಗೋ ಭಯ ಇಲ್ಲ ಬಿಡ್ರಿ" ಎಂದು ಶಾನುಭೋಗರು ಸಮಾಧಾನದಿಂದ ಮಜ್ಜಿಗೆ ಕುಡಿದು ಹೋದರು.

ಕತೆಯ ಮೂಲ ಹೀಗೆ. ಯುದ್ಧದ ಕಾಲದಲ್ಲಿ ಮಾವ ಬೆಂಗಳೂರಿನಲ್ಲಿ ವಿಮಾನ ರಿಪೇರಿಯ ಕಡೆ ಫಿಟ್ಟರ್ ಆಗಿದ್ದರು. ಅಲ್ಲಿ ಒಬ್ಬ ಪೈಲಟ್ ಚಹಾ ಕುಡಿಯುತ್ತಾ ಹೇಳಿದನಂತೆ, ವಿಮಾನ ನೆಲಕ್ಕೆ ಬಡಿಯುವ ಗಳಿಗೆಯಲ್ಲಿ ಒಂದು ಕೈ ಯಂತ್ರದ ಮೇಲೇ ಇರುತ್ತದೆ, ಬೆಲ್ಟು ಬಿಚ್ಚಿಕೊಳ್ಳಲು ಉಳಿಯುವುದು ಇನ್ನೊಂದೇ ಕೈ ಎಂದು. ಕೇಳಿದ ಉಳಿದವರು ಚಹಾ ಮುಗಿಸಿ ಕೆಲಸಕ್ಕೆ ಹೋದರು. ಮಾವ ಮಾತ್ರ ಅಲ್ಲೇ ಉಳಿದರು. ಮನಸ್ಸಿನಲ್ಲಿ ಇವತ್ತಿಗೂ ಅಲ್ಲೇ ಇದ್ದಾರೆ! ಹಾಗೆ ಹುಟ್ಟಿದ್ದೇ ಆ ಬಕಲು. ಮೈಭಾರವೆಲ್ಲ ಬಿದ್ದು ಬೆಲ್ಟು ಎಷ್ಟೇ ಬಿಗಿದಿರಲಿ, ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಸಾಕು, ಠಕ್! ಬಿಚ್ಚಿಕೊಳ್ಳುತ್ತದೆ.

ಬಕಲಿನ ಜೊತೆಗೆ ಒಂದು ಸಿದ್ಧಾಂತವೂ ಹುಟ್ಟಿತು. "ಮನುಷ್ಯನಿಗೆ ಇರೋದು ಒಂದೇ ಕೈ. ಇನ್ನೊಂದು ಯಾವಾಗ್ಲೂ ಬೇರೆ ಕೆಲಸದ ಮೇಲಿರುತ್ತೆ."

ನಾನು ಬಿಡುತ್ತೇನೆಯೇ? "ಮಾವ, ಎರಡು ಕೈ ಇರೋರಿಗೆ ಒಂದು ಕೈಯ ಸಾಮಾನು ಯಾಕೆ ಬೇಕು?"

"ನಿನ್ನ ಎಡಗೈ ಈಗ ಎಲ್ಲೈತೆ?"

ನೋಡಿಕೊಂಡೆ. ಎಡಗೈಯಲ್ಲಿ ಕಾಫಿ ಲೋಟ ಇತ್ತು.

"ಇದು ವಾದ ಅಲ್ಲ, ಆಕಸ್ಮಿಕ" ಎಂದೆ.

"ಬೆಲ್ಟು ಇರೋದೇ ಆಕಸ್ಮಿಕಕ್ಕೆ ಕಣೇ ಲಾಯರಮ್ಮ!"

ವಿಮಾನದವರು ಆ ಬಕಲನ್ನು ತಿರುಗಿಸಿ ಮುರುಗಿಸಿ ನೋಡಿ, ಬಹಳ ಚೆನ್ನಾಗಿದೆ ಎಂದು ಹೊಗಳಿ, ತಮ್ಮ ಹಳೇ ಬಕಲನ್ನೇ ಇಟ್ಟುಕೊಂಡರು. ಮಾವ ಎದೆಗುಂದಲಿಲ್ಲ. ಊರಿಗೆ ಬಂದು ಸೈಕಲ್ ಶಾಪು ಹಾಕಿದರು. ಆಕಾಶಕ್ಕೆ ಬೇಡದ ಸಿದ್ಧಾಂತವನ್ನು ಅಡುಗೆಮನೆಗೆ ಇಳಿಸಿದರು. ಒಂದೇ ಕೈಯಲ್ಲಿ ಗೀರುವ ಬೆಂಕಿಪೆಟ್ಟಿಗೆ, ಒಂದೇ ಕೈಯಲ್ಲಿ ಬಿಚ್ಚುವ ಕೊಡೆ, ಒಂದೇ ಕೈಯಲ್ಲಿ ಸೇದುವ ರಾಟೆ. ಆದರೆ ಕಲ್ಕತ್ತೆಯ ಕಚೇರಿಯನ್ನು ಒಪ್ಪಿಸಿದಷ್ಟು ಸುಲಭವಾಗಿ ಶಿಕಾರಿಪುರದ ಅಡುಗೆಮನೆಯನ್ನು ಒಪ್ಪಿಸಲಾಗುತ್ತದೆಯೇ? ಅಲ್ಲಿ ಕೂತಿದ್ದವರು ನಮ್ಮ ಅತ್ತೆ! ಮಾವ ಮಾಡಿದ್ದರಲ್ಲಿ ಒಂದನ್ನಾದರೂ ಅತ್ತೆ ತಾವಾಗಿ ಕೈಗೆತ್ತಿಕೊಂಡು, ಟೀಕೆ ಮಾಡದೆ ಬಳಸಬೇಕು. ಇಷ್ಟೇ ಮಾವನ ಆಸೆ. ಪೇಟೆಂಟ್ ಬಂದ ದಿನವೂ ಈ ಆಸೆ ತೀರಿರಲಿಲ್ಲ.

ರಷ್ಯಾದವರು ನಾಯಿಯನ್ನು ಆಕಾಶಕ್ಕೆ ಕಳಿಸಿದರಂತೆ ಎಂದು ನಾನು ಪತ್ರಿಕೆ ಓದಿ ಹೇಳಿದಾಗ ಮಾವ ಕೇಳಿದ ಮೊದಲ ಪ್ರಶ್ನೆ: "ಬೆಲ್ಟು ಹಾಕಿದ್ರಂತಾ?"

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದರು: "ಹಾಕಿದ್ರೂ ನಿಮ್ದು ಬ್ಯಾಡ್ರೀ. ನಾಯಿಗೆ ಹೆಬ್ಬೆರಳೆಲ್ಲೈತೆ?"

ಚರ್ಚಾಸ್ಪರ್ಧೆಯ ಷೀಲ್ಡುಗಳು ನನ್ನ ಹತ್ತಿರ ಇರಬಹುದು. ಆದರೆ ಅವು ನಿಜಕ್ಕೂ ಯಾರಿಗೆ ಸೇರಬೇಕು ಹೇಳಿ!

ಬಕಲಿನ ಮೊದಲ ಬಹಿರಂಗ ಪ್ರದರ್ಶನ ನಡೆದದ್ದು ಸೊರಬದ ಬಸ್ಸಿನಲ್ಲಿ. ನಮ್ಮೂರು ಸೊರಬದ ಹತ್ತಿರದ ಕುಪ್ಪಗಡ್ಡೆ. ನನ್ನನ್ನು ಬಿಡಲು ಬಂದ ಮಾವ, ಬಸ್ಸು ಹೊರಟ ಕೂಡಲೇ ಚೀಲದಿಂದ ಬೆಲ್ಟು ತೆಗೆದು ತಮ್ಮನ್ನು ಸೀಟಿಗೆ ಬಿಗಿದುಕೊಂಡರು. ಮುಂದಿನ ಸೀಟಿನ ಅಜ್ಜಿ ತಮ್ಮ ಗಂಟನ್ನು ಮಡಿಲಿಗೆ ಎಳೆದುಕೊಂಡರು. ಕಂಡಕ್ಟರ್ ಟಿಕೆಟ್ ಹರಿಯುವ ಮೊದಲು ನನ್ನ ಕಿವಿಯ ಹತ್ತಿರ ಬಗ್ಗಿ, "ಪೊಲೀಸ್ನೋರು ಎಲ್ಲಮ್ಮ? ಒಬ್ಳನ್ನೇ ಜೊತೆಗೆ ಕಳ್ಸಿದಾರಾ?" ಎಂದು ಕೇಳಿದ. ದಾರಿಯುದ್ದಕ್ಕೂ ಜನ ಮಾವನಿಗೆ ಎಷ್ಟು ಮರ್ಯಾದೆಯಿಂದ ಜಾಗ ಬಿಟ್ಟಿದ್ದರೆಂದರೆ, ನಾನು ಮೂವರ ಸೀಟಿನಲ್ಲಿ ಕಾಲು ಚಾಚಿ ಕೂತೆ. ಸೊರಬ ಬಂತು. ಮಾವ ಹೆಬ್ಬೆರಳು ಒತ್ತಿದರು. ಠಕ್! "ಬಿಚ್ಕೊಂಡ!" ಎಂದು ಯಾರೋ ಕೂಗಿದರು. ನಾವು ಇಳಿಯುವ ಮೊದಲೇ ಅರ್ಧ ಬಸ್ಸು ಇಳಿದಿತ್ತು.

ಅದೇ ಬಕಲನ್ನು ಮಾವ ಪಂಚೆಗೆ ಹಾಕಿಸಿದ್ದು ನಮ್ಮಕ್ಕನ ಮದುವೆಗೆ. ಜಾರದ ಪಂಚೆ ಎಂದು ಊಟದ ಪಂಕ್ತಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ನಮ್ಮಪ್ಪನಿಗೆ ಭಾವಮೈದುನನನ್ನು ಕಂಡರೆ ಬಹಳ ಪ್ರೀತಿ. ಅಪ್ಪನ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವಂಥದ್ದು. ಬೀಗರ ಎದುರಿಗೇ ಅಪ್ಪ ಮಾವನನ್ನು ಬಾಚಿ ತಬ್ಬಿಕೊಂಡರು. ಹೊಟ್ಟೆ ಗುಂಡಿಯನ್ನು ಒತ್ತಿತು. ಠಕ್! ಬಕಲು ತನ್ನ ಪೇಟೆಂಟಿಗೆ ಅಕ್ಷರಶಃ ನಿಷ್ಠೆ ತೋರಿಸಿತು. ಮಾವನ ಎರಡೂ ಕೈ ಅಪ್ಪನ ತೋಳಿನಲ್ಲಿ ಸಿಕ್ಕಿದ್ದವು. ಅಂದರೆ ಸಿದ್ಧಾಂತಕ್ಕೆ ಬೇಕಾದ ಒಂದು ಕೈಯೂ ಬಿಡುವಿರಲಿಲ್ಲ!

"ಗುಂಡಿ ಹೊರಗಿಟ್ರೆ ಮುಟ್ಟೋರು ಮುಟ್ಟೇ ಮುಟ್ತಾರೆ" ಎಂದರು ಅತ್ತೆ. "ಒಳಗಡೆ ಕೂರ್ಸೋಕೆ ಏನ್ ಧಾಡಿ?"

ಮೂರನೆಯದು ಹಿಟ್ಟಿನ ಡಬ್ಬಿ. ರೊಟ್ಟಿ ಬಡಿಯುವವರ ಒಂದು ಕೈ ಹಿಟ್ಟಾಗಿರುತ್ತದೆ ತಾನೇ? ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತಿದರೆ ಮುಚ್ಚಳ ಏಳಬೇಕು. ಎದ್ದಿತು. ಎದ್ದದ್ದು ಸೂರಿನ ಹೆಂಚಿಗೆ ಬಡಿಯಿತು! ಹಿಂದೆಯೇ ಹಿಟ್ಟೂ ಎದ್ದಿತು. ಅದೇ ಹೊತ್ತಿಗೆ ಭಿಕ್ಷೆಗೆ ಬಂದ ಮಠದ ಅಯ್ಯನವರು ಬಾಗಿಲಲ್ಲಿ ನಿಂತು ನೋಡಿದರೆ, ಅತ್ತೆ ನೆತ್ತಿಯಿಂದ ಕಾಲಿನವರೆಗೆ ಬಿಳಿ.

"ಶಿವಶಿವಾ! ಈ ಕಾಲದಲ್ಲೂ ಇಂಥ ವಿಭೂತಿ ನಿಷ್ಠೆ!" ಎಂದು ಕೈ ಮುಗಿದರು ಅಯ್ಯನವರು.

ಅತ್ತೆ ಕಣ್ಣೊರೆಸಿಕೊಂಡು ಮಾವನ ಕಡೆ ತಿರುಗಿದರು. "ನಿಮ್ ಸ್ಪ್ರಿಂಗಿಗೆ ಮೆತ್ತಗೆ ಏಳೋಕೆ ಬರಾದಿಲ್ವೇನ್ರೀ? ಮತ್ತೆ ಆ ಠಕ್ಕು ಯಾವನಿಗೆ ಬೇಕು? ಕದ ತೆಗೆದ್ರೂ ಠಕ್ಕು, ಡಬ್ಬಿ ತೆಗೆದ್ರೂ ಠಕ್ಕು. ಮನೇನೋ, ಬಂದೂಕದ ಅಂಗ್ಡಿನೋ?"

ಹೀಗೆ ನಡೆಯುತ್ತಿದ್ದ ಮನೆಯಲ್ಲಿ ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು. ಟೀಕೆ ಅದಕ್ಕಿಂತ ಬೇಗ. ಕಾಲೂ ಬಂತು. ಎಡಗೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಅಂಗಾತ ಇಟ್ಟರೆ ಇಟ್ಟ ಹಾಗೆ ಇರುತ್ತದೆ. ಹಿಡಿಯುವುದಿಲ್ಲ.

ನೀರು ಸೇದಲು, ರೊಟ್ಟಿ ಬಡಿಯಲು ಪಕ್ಕದ ಮನೆಯವರು ಬಂದರು. ಆದರೆ ಒಂದು ಕೆಲಸಕ್ಕೆ ಅತ್ತೆ ಯಾರನ್ನೂ ಹತ್ತಿರ ಬಿಡಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯ ಮೇಲಿಟ್ಟು ಪೂಜೆ ಮಾಡದೆ ಊಟ ಮಾಡುವುದಿಲ್ಲ. ಅಂಗೈ ಮಡಿಲಲ್ಲಿ ಇತ್ತು, ಅಷ್ಟು ಸಾಕು. ಹೂವು, ಪತ್ರೆ ಏರಿಸಲು ಬಲಗೈ ಇತ್ತು. ಆದರೆ ಕರಡಿಗೆ? ಅತ್ತೆಯ ತಾಯಿ ಕೊಟ್ಟ ಹಳೇ ಬೆಳ್ಳಿಯದು. ಒಂದು ಕೈ ಬುಡ ಹಿಡಿದು ಇನ್ನೊಂದು ಕೈ ಎಳೆದರೆ ಮಾತ್ರ ಅದರ ಮುಚ್ಚಳ ಬರುತ್ತಿತ್ತು. ಅತ್ತೆ ಅದನ್ನು ಗೂಡಿನ ಸಂದಿಗೆ ಸಿಕ್ಕಿಸಿ ಎಳೆಯುತ್ತಿದ್ದರು. ಕೆಲವು ದಿನ ಬರುತ್ತಿತ್ತು. ಬಾರದ ದಿನ ಉಪವಾಸ. ವೈದ್ಯರು ಹೊತ್ತು ಹೊತ್ತಿಗೆ ಊಟ ಆಗಲೇಬೇಕು, ಇಲ್ಲದಿದ್ದರೆ ಬಲಗೈಯ ಭರವಸೆಯನ್ನೂ ಕೊಡಲಾರೆ ಎಂದಿದ್ದರು. ಅತ್ತೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರು.

ನಾನು ವಾದಕ್ಕೆ ನಿಂತೆ. "ಅತ್ತೆ, ಮನೆಯವರು ಯಾರಾದ್ರೂ ತೆಗೆದುಕೊಟ್ರೆ ತಪ್ಪಿಲ್ಲ ಅಂತ ಅಯ್ಯನೋರೇ ಹೇಳಿದಾರೆ. ಅವರಿಗಿಂತ ಬೇರೆ ಆಧಾರ ಬೇಕಾ?"

"ಅಯ್ಯನೋರು ತಮ್ಮ ಹಲ್ಲು ತಾವೇ ಉಜ್ಕೊಂತಾರೋ, ಮನೆಯೋರ ಕೈಲಿ ಉಜ್ಜಿಸ್ಕೊಂತಾರೋ, ಕೇಳ್ಕೊಂಡು ಬಾರವ್ವ. ನನ್ ಲಿಂಗ ನಾನ್ ತೆಗೀಬೇಕು."

ನನಗೆ ಪೂಜೆಯಲ್ಲಿ ನಂಬಿಕೆ ಇಲ್ಲ. ಆದರೆ ಈ ಮಾತು ಪೂಜೆಯದಲ್ಲ ಎಂದು ಮಾತ್ರ ಗೊತ್ತಾಯಿತು.

ಮುಂದಿನ ರಜೆಗೆ ಬಂದು ಶಾಪಿಗೆ ಹೋದರೆ ಮಾವನ ಎಡಗೈ ಸೊಂಟಕ್ಕೆ ಬಿಗಿದಿತ್ತು! ತಮ್ಮದೇ ಬೆಲ್ಟು, ತಮ್ಮದೇ ಬಕಲು. ಬಲಗೈ ಒಂದರಲ್ಲೇ ಟ್ಯೂಬು ತೇಪೆ ಹಾಕುತ್ತಿದ್ದರು. ಎದುರಿನ ಹೋಟೆಲಿನವರು ಬಾಗಿಲಲ್ಲಿ ನಿಂತು, "ಏನ್ರೀ, ಹೆಂಡ್ತಿಗೆ ಬಂದಿದ್ದು ನಿಮ್ಗೂ ಬಂತಾ?" ಎಂದು ಕೇಳುತ್ತಿದ್ದರು.

"ಇದೇನು ಮಾವ?"

"ಪರೀಕ್ಷೆ. ಮನೆಗೆ ಹೋಗೋ ಹೊತ್ತಿಗೆ ಬಿಚ್ತೀನಿ. ನಿಮ್ಮತ್ತೆ ಹತ್ರ ಬಾಯಿ ಬಿಟ್ರೆ ನೋಡು!"

ಬಲಗೈಯಿಂದ ಅವರು ಕೊರಳಿನ ತಮ್ಮ ಬೆಳ್ಳಿ ಕರಡಿಗೆಯನ್ನು ಒತ್ತುತ್ತಿದ್ದರು, ಮುಚ್ಚುತ್ತಿದ್ದರು, ಅರದಿಂದ ಉಜ್ಜುತ್ತಿದ್ದರು, ಮತ್ತೆ ಒತ್ತುತ್ತಿದ್ದರು. ಸೈಕಲ್ ಹತ್ತಿ ಗುಂಡಿ ಬಿದ್ದ ರಸ್ತೆಯಲ್ಲೆಲ್ಲ ಓಡಿಸಿ ನೋಡಿದರು. ಬಾಗಿ ನೋಡಿದರು, ಕುಣಿದು ನೋಡಿದರು. ಕೊನೆಗೆ ಕುಪ್ಪಗಡ್ಡೆಯಿಂದ ನಮ್ಮಪ್ಪನನ್ನು ಕರೆಸಿದರು.

"ಭಾವ, ಒಂದ್ಸಲ ತಬ್ಕೊಳ್ರಿ."

"ಇಲ್ಲೇ? ಸಂತೇಲಿ?"

"ಮದ್ವೇಲಿ ತಬ್ಕೊಂಡ್ರಲ್ಲ, ಹಂಗೇ. ಜೋರಾಗಿ!"

ಸಂತೆಯ ಜನ ತರಕಾರಿ ಬಿಟ್ಟು ನೋಡಿದರು. ಅಪ್ಪ ತಬ್ಬಿದರು, ಅದುಮಿದರು, ಒಮ್ಮೆ ನೆಲದಿಂದ ಎತ್ತಿಯೂ ನೋಡಿದರು. ಪಾಪ, ಅಪ್ಪನಿಗೆ ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಕರಡಿಗೆ ಬಾಯಿ ಬಿಡಲಿಲ್ಲ. ಗುಂಡಿಯನ್ನು ಒಳಗಡೆ ಕೂರಿಸಲಾಗಿತ್ತು.

ಮರುದಿನ ಬೆಳಿಗ್ಗೆ ಮಾವ ಅದನ್ನು ಪೂಜೆಯ ಮಣೆಯ ಮೇಲಿಟ್ಟು ನಡುಮನೆಗೆ ಬಂದು ಕೂತರು. ಒಳಗಿನಿಂದ ಅತ್ತೆಯ ಧ್ವನಿ ಬಂತು.

"ನಿಮ್ ಪೇಟೆಂಟು ನನ್ ಕೊರಳಿಗೆ ಬ್ಯಾಡ. ಹಾರಿ ಹೆಂಚಿಗೆ ಬಡಿದ್ರೆ ಏನ್ಮಾಡ್ಲಿ?"

ನಾನು ವಾದ ಹೂಡಲು ಬಾಯಿ ತೆರೆದೆ. ಮಾವ ಕೈ ಎತ್ತಿ ತಡೆದರು. ಅಷ್ಟರಲ್ಲಿ ಅತ್ತೆ ಹೊಸಿಲಿಗೆ ಬಂದು ನಿಂತಿದ್ದರು. ಅವರ ಕಣ್ಣು ಮಾವನ ಕೊರಳ ಮೇಲಿತ್ತು. ಅಲ್ಲಿ ಬೆಳ್ಳಿ ಇರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗ ದಾರದಲ್ಲಿ ನೇತಾಡುತ್ತಿತ್ತು.

"ನಿಮ್ ಕರಡಿಗೆ ಎಲ್ರೀ?"

"ಒಳಗೈತಲ್ಲ, ಅದೇ."

ಅತ್ತೆ ಏನೂ ಅನ್ನಲಿಲ್ಲ. ನಮ್ಮ ಅತ್ತೆ! ಒಳಗೆ ಹೋದರು.

ನಾವಿಬ್ಬರೂ ಗೋಡೆಗೊರಗಿ ಕಿವಿ ಕೊಟ್ಟು ಕೂತೆವು. ಗೂಡಿನ ಸಂದಿಯಲ್ಲಿ ಹಳೇ ಮುಚ್ಚಳ ಕೊನೆಯ ಸಲ ಕಿತ್ತುಬಂದ ಸದ್ದು; ಲಿಂಗ ಹೊಸ ಕರಡಿಗೆಗೆ ಸೇರಿತು ಎಂದುಕೊಂಡೆವು. ನೀರು ಚಿಮುಕಿಸಿದ ಸದ್ದು. ಮಣೆ ಸರಿದ ಸದ್ದು. ಆಮೇಲೆ ಏನೂ ಇಲ್ಲ. ನಾನು ಠಕ್ ಎನ್ನುವುದನ್ನು ಕಾಯುತ್ತಲೇ ಇದ್ದೆ.

"ಮಾವ, ಸದ್ದೇ ಬರ್ಲಿಲ್ಲ. ಕೆಟ್ಟಿತೇನೋ?"

"ಸದ್ದು ತೆಗೆದ್ಬಿಟ್ಟೆ ಕಣೇ. ಪೂಜೆ ಹೊತ್ತಲ್ಲಿ ಯಾಕೆ ಅಂತ. ಈಗ ತೆಗೀತೋ ಇಲ್ವೋ, ನಂಗೂ ಗೊತ್ತಾಗ್ತಿಲ್ಲ."

ಧೈರ್ಯಕ್ಕೆಂದು ಮಾತು ಎಳೆದೆ. "ಇದಕ್ಕೂ ಕಲ್ಕತ್ತೆಗೆ ಅರ್ಜಿ ಹಾಕ್ತೀರಾ?"

"ಇದು ಒಬ್ರಿಗೆ ಆದ್ರೆ ಸಾಕು."

ಎರಡು ಕೈ ಇರುವ ಜಗತ್ತಿಗೆ ಒಂದು ಕೈಯ ಸಾಮಾನು ಬೇಡ ಎಂಬ ನನ್ನ ವಾದ ಈಗಲೂ ಬಿದ್ದಿಲ್ಲ. ಜಗತ್ತು ಎಂದೆನೇ ಹೊರತು ಅತ್ತೆ ಎನ್ನಲಿಲ್ಲ, ನೋಡಿ.

ಬಿಸಿಲು ಹೊಸಿಲು ದಾಟಿ ಪೇಟೆಂಟಿನ ಗಾಜಿನ ಮೇಲೆ ಬಿತ್ತು. ಮಾವ ಎದ್ದು ಹೋಗಿ ಇಣುಕಲೂ ಇಲ್ಲ, ಕೂರಲೂ ಇಲ್ಲ, ನಡುವೆ ಎಲ್ಲೋ ಇದ್ದರು. ಆಗ ಒಳಗಿನಿಂದ, ಬಹಳ ದಿನಗಳಿಂದ ಆ ಹೊತ್ತಿಗೆ ಕೇಳಿಸದ ಮಾತು ಕೇಳಿಸಿತು.

"ರೀ, ಪೂಜೆ ಆತು. ತಟ್ಟೆ ಹಾಕ್ರಿ, ಹಸಿವಾಗ್ತೈತೆ!"

ಮಾವ ಒಂದು ಕೆಲಸಕ್ಕೆ ಎರಡೂ ಕೈ ಬಳಸಿದ್ದನ್ನು ನಾನು ನೋಡಿದ್ದು ಅವತ್ತೇ. ಮುಖ ಮುಚ್ಚಿಕೊಂಡರು.