ಅಚ್ಚಿಗೆ ಬಿದ್ದ ಮನೆಮಂದಿ

ನನ್ನ ಮೂಗನ್ನು ನಮ್ಮ ಕಾಕಾ ಮಾರಿಬಿಟ್ಟಿದ್ದಾನೆ. ಗಾಬರಿಯಾಗಬೇಡಿ, ಅಸಲು ಮೂಗು ಇನ್ನೂ ನನ್ನ ಮುಖದ ಮೇಲೆಯೇ ಇದೆ. ಆದರೆ ಅದರ ನಕಲುಗಳು ಪುಣೆಯಿಂದ ಹಿಡಿದು ಸೊಲ್ಲಾಪುರ ದಾಟಿ ನಮ್ಮ ವಿಜಾಪುರದ ತನಕ ಎಷ್ಟು ಕೂಸುಗಳ ಬಾಯಲ್ಲಿ ಜೊಲ್ಲಿನಿಂದ ನೆನೆದಿವೆಯೋ ದೇವರೇ ಬಲ್ಲ! ತೊಂಬತ್ತರ ದಶಕದಲ್ಲಿ ನೀವೇನಾದರೂ ಪುಣೆ ಸ್ಟೇಷನ್ನಿನ ಹೊರಗೆ ನಿಮ್ಮ ಮಗುವಿಗೆ ರಬ್ಬರಿನಂಥ ಗೊಂಬೆಯೊಂದನ್ನು ಕೊಂಡಿದ್ದರೆ, ಅದರ ಮೂಗಿನ ತುದಿ ತುಸು ಎಡಕ್ಕೆ ವಾಲಿಕೊಂಡಿದ್ದರೆ, ನಮಸ್ಕಾರ. ನಮ್ಮ ನಿಮ್ಮ ಪರಿಚಯ ಆಗಲೇ ಆಗಿದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಪುಣೆಗೆ ಬಂದದ್ದು ಸೀರೆ ಅಂಗಡಿಯ ಗುಮಾಸ್ತನಾಗಿ. ಅಂಗಡಿಯ ಗಾಜಿನ ಹಿಂದೆ ಸೀರೆ ಉಟ್ಟು ನಿಂತಿದ್ದ ಆಳೆತ್ತರದ ಗೊಂಬೆಗಳನ್ನು ಅವನು ಗಿರಾಕಿಗಳಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದನಂತೆ. ಬೇಸತ್ತ ಮಾಲಕರು ಒಂದು ದಿನ, "ನೀವು ಸೀರಿ ಮಾರೂದ ಬಿಟ್ಟು ಗೊಂಬಿ ಮಾಡೂದ ಬರೋಬರ್ ನೋಡ್ರಿ" ಎಂದು ಬೈದರು. ಕಾಕಾ ಅದನ್ನು ಬೈಗುಳ ಎಂದುಕೊಂಡರೆ ತಾನೇ? ಆಶೀರ್ವಾದ ಎಂದುಕೊಂಡ! ಕಾತ್ರಜದ ಆಚೆ, ಸಾತಾರಾ ಬಸ್ಸುಗಳು ಹೊಗೆ ಬಿಟ್ಟುಕೊಂಡು ಹೋಗುವ ರಸ್ತೆಯ ಪಕ್ಕ, ಒಂದು ತಗಡಿನ ಶೆಡ್ಡು ಹಿಡಿದು ವಿನೈಲ್ ಗೊಂಬೆಯ ಕಾರಖಾನೆ ಶುರುಮಾಡಿದ.

ಪೇಟೆಯ ಗೊಂಬೆಗಳ ಮೇಲೆ ಅವನಿಗೆ ಒಂದೇ ಸಿಟ್ಟು. ಎಲ್ಲಕ್ಕೂ ನೀಲಿ ಕಣ್ಣು, ಹಳದಿ ಕೂದಲು. "ಈ ಹುಡುಗಿ ಯಾರ ಪೈಕಿ? ಇಂಥಾ ಮಾರಿ ನಮ್ಮ ಪೈಕಿಯೊಳಗ ಯಾರದರೆ ಅದ ಏನು?" ಎಂದು ಕೇಳುತ್ತಿದ್ದ. ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತೇವೆ, ದೇವಿಯನ್ನು ನಡುವೆ ಎಳೆದುತರಬೇಡಿ. ಸರಿ, ನಮ್ಮ ಪೈಕಿಯ ಮಾರಿಗಳನ್ನೇ ಗೊಂಬೆ ಮಾಡುವುದೆಂದು ಕಾಕಾ ನಿಶ್ಚಯಿಸಿದ. ಅಲ್ಲಿಂದ ನಮ್ಮ ಬಳಗದ ನೆಮ್ಮದಿ ಹಾಳಾಯಿತು. ಮದುವೆಮನೆಯಲ್ಲಿ ಅವನ ಎದುರು ಎಲೆಗೆ ಕೂಡಲು ಯಾರೂ ತಯಾರಿಲ್ಲ. ತುತ್ತು ಬಾಯಿಗಿಟ್ಟವರ ಗದ್ದವನ್ನೇ ದಿಟ್ಟಿಸುತ್ತಾ ಕೂತರೆ ಹೋಳಿಗೆ ಗಂಟಲಲ್ಲಿ ಇಳಿಯುವುದು ಹೇಗೆ? ನಮ್ಮ ಸೋದರತ್ತೆಯ ಗದ್ದ ಒಂದು ಪೊಲೀಸ್ ಗೊಂಬೆಗೆ ಹೋಯಿತು. ನಮ್ಮಪ್ಪನ ಗಲ್ಲ ಒಂದು ಡುಮ್ಮ ಕೂಸಿಗೆ ಹೋಯಿತು. ಅಪ್ಪ ಪುಣೆಯಲ್ಲೇ ಒಂದು ಬ್ಯಾಂಕಿನಲ್ಲಿ ಹೆಡ್ ಕ್ಲರ್ಕ್, ಮನೆಯಲ್ಲೂ ಹೆಡ್ ಕ್ಲರ್ಕ್, ಜೀವನದಲ್ಲಿ ಯಾರ ಮಾತಿಗೂ ಬಗ್ಗಿದವರಲ್ಲ. ಅಂಥವರ ಮುಖ ಹೊತ್ತ ಗೊಂಬೆಯ ಹೊಟ್ಟೆ ಒತ್ತಿದರೆ "ಕುಂಯ್" ಎನ್ನುತ್ತಿತ್ತು! ಅವ್ವ ಅದನ್ನು ಅಡುಗೆಮನೆಯಲ್ಲಿ ಅಡಗಿಸಿಟ್ಟುಕೊಂಡು, ಅಪ್ಪ ಕೂಗಾಡಿ ಆಫೀಸಿಗೆ ಹೋದ ದಿನ ನಾಲ್ಕು ಸಲ ಒತ್ತುತ್ತಿದ್ದಳು.

ಇಡೀ ಬಳಗದಲ್ಲಿ ಗೊಂಬೆಯಾಗದೆ ಉಳಿದವಳು ಒಬ್ಬಳೇ. ಕಾಕಾನ ಹೆಂಡತಿ, ನಮ್ಮ ಕಾಕು.

"ಊರ ಮಂದಿ ಮಾರಿ ಎಲ್ಲಾ ಮಾಡೀರಿ. ನನ್ನ ಮಾರಿ ಏನ್ ಪಾಪ ಮಾಡ್ಯದ್ರಿ?" ಎಂದು ಕಾಕು ಕೇಳುವುದು, ಕಾಕಾ ನೆಪ ಹೇಳುವುದು, ಇದು ಆ ಮನೆಯ ನಿತ್ಯಪಾಠ. ದೀಪಾವಳಿಗೆ ಕೇಳಿದರೆ "ಈಗ ಥಂಡಿ ಅದ, ಮಾರಿ ಕೆತ್ತೂ ಮೇಣ ಗಟ್ಟಿ ಆಗ್ತದ" ಎನ್ನುವನು. ಯುಗಾದಿಗೆ ಕೇಳಿದರೆ "ಈಗ ಬಿಸಲ, ಮೇಣ ಕರಗ್ತದ" ಎನ್ನುವನು. ಮಳೆಗಾಲದಲ್ಲಿ ಕೇಳಿದರೆ? "ನಿನ್ನ ಮಾರಿ ಒಂದ ಕಡೆ ನಿಲ್ಲಂಗಿಲ್ಲ ಮಾರಾಯ್ತಿ, ಯಾವಾಗಲೂ ಮಾತಾಡ್ತಿರ್ತದ!" ಕಾಕು ನನ್ನ ಮುಂದೆ, "ನಂಗೇನ್ ಹುಚ್ಚಿಲ್ಲ ತಗೋ, ಸುಮ್ನ ಕೇಳ್ತೀನಿ" ಎನ್ನುತ್ತಿದ್ದಳು. ಆದರೆ ಕಾಕಾನಿಗೆ ಊಟದ ಡಬ್ಬಿ ಒಯ್ಯುವಾಗಲೆಲ್ಲ ಮುಖ ತೊಳೆದು, ಪೌಡರ್ ಹಚ್ಚಿ, ಕುಂಕುಮ ತಿದ್ದಿಕೊಂಡು ಹೊರಡುತ್ತಿದ್ದುದನ್ನು ನಾನು ನೋಡಿದ್ದೇನೆ. ಇವತ್ತಾದರೂ ನೋಡಿಯಾನು, ಮೇಣ ಕೈಗೆತ್ತಿಕೊಂಡಾನು ಎಂಬ ಆಸೆ. ಪಾಪ, ಕಾಕಾ ಡಬ್ಬಿಯ ಮುಚ್ಚಳ ತೆಗೆದು, "ಇವತ್ತೂ ಬದನೀಕಾಯೇನು?" ಎನ್ನುತ್ತಿದ್ದ.

ಗೊಂಬೆ ಹೇಗೆ ತಯಾರಾಗುತ್ತದೆ ಎಂದು ನೀವು ಕೇಳಿಲ್ಲ, ನನಗೆ ಗೊತ್ತು. ಕಾಕಾನನ್ನೂ ಯಾರೂ ಕೇಳುತ್ತಿರಲಿಲ್ಲ, ಆದರೂ ಹೇಳುತ್ತಿದ್ದ. ನಾನೂ ಹೇಳಿಯೇ ತೀರುತ್ತೇನೆ. ಮೊದಲು ತಲೆ, ಕೈ, ಕಾಲು, ಹೊಟ್ಟೆಗಳನ್ನು ಮೇಣದಲ್ಲಿ ಬೇರೆ ಬೇರೆಯಾಗಿ ಕೆತ್ತಬೇಕು. ಕರೆಂಟು ಹಾಯಲೆಂದು ಆ ಮೇಣಕ್ಕೆ ಗ್ರಾಫೈಟ್ ಪುಡಿ ಬಳಿದು, ತಾಮ್ರದ ದ್ರಾವಣದ ತೊಟ್ಟಿಯಲ್ಲಿ ಇಳಿಬಿಟ್ಟು ಕರೆಂಟು ಹರಿಸಿದರೆ, ದಿನಗಟ್ಟಲೆ ನಿಧಾನಕ್ಕೆ ಅದರ ಮೇಲೆ ತಾಮ್ರ ದಪ್ಪಗೆ ಕೂಡುತ್ತದೆ. ಆಮೇಲೆ ಕಾಯಿಸಿ ಮೇಣ ಬಸಿದುಬಿಟ್ಟರೆ ಒಳಗೆ ಬರಿದಾದ ತಾಮ್ರದ ಅಚ್ಚು ಸಿದ್ಧ. ಅದಕ್ಕೆ ದೋಸೆಹಿಟ್ಟಿನಂಥ ವಿನೈಲನ್ನು ಹೊಯ್ದು, ಗಾಳಿಗುಳ್ಳೆ ಹೋಗಲೆಂದು ತಟ್ಟಿ, ಕಾದ ಎಣ್ಣೆಯಲ್ಲಿ ಅದ್ದಬೇಕು. ತಾಮ್ರಕ್ಕೆ ತಾಗಿದ್ದಷ್ಟು ಗಟ್ಟಿಯಾಗುತ್ತದೆ, ನಡುವಿನದನ್ನು ವಾಪಸ್ ಬಕೆಟ್ಟಿಗೆ ಸುರಿದು, ಮತ್ತೆ ಎಣ್ಣೆಗಿಟ್ಟು ಬೇಯಿಸಿ, ತಣ್ಣೀರಲ್ಲಿ ಅದ್ದಿದರೆ ಚುಂಯ್! ಗುಳ್ಳೆ ಸರಿಯಾಗಿ ಹೋಗದಿದ್ದರೆ ನನ್ನ ಮೂಗಿನಲ್ಲಿ ತೂತು ಬೀಳುತ್ತಿತ್ತು. ಅಂಗಡಿಯವರು ತಕರಾರು ತೆಗೆದರೆ ಕಾಕಾ, "ಅದು ಮೂಗುತಿಗೆ ಬಿಟ್ಟದ್ದು" ಎನ್ನುತ್ತಿದ್ದ.

ಇನ್ನು ಕಡೆಯ ಕೆಲಸ. ಈ ಅಚ್ಚು ಎರಡು ಹೋಳಾಗಿ ಬಿಚ್ಚಿಕೊಳ್ಳುವಂಥದ್ದಲ್ಲ. ಇರುವುದು ಕುತ್ತಿಗೆಯ ಒಂದೇ ಬಾಯಿ. ಅಷ್ಟು ಸಣ್ಣ ಕುತ್ತಿಗೆಯಿಂದ ಇಷ್ಟು ದೊಡ್ಡ ತಲೆ ಹೊರಗೆ ಬರುವುದು ಹೇಗೆ? ಇಕ್ಕಳ ಹಾಕಿ ಎಳೆಯುವುದು! ವಿನೈಲ್ ಇನ್ನೂ ಬೆಚ್ಚಗಿರುವಾಗಲೇ ಎಳೆಯಬೇಕು. ಆಗ ಗದ್ದ ಹಣೆಗೆ ಬಂದು, ಕಣ್ಣು ಕಿವಿಗೆ ಹೋಗಿ, ಮುಖವೆಲ್ಲ ಹಿಂಡಿದ ಅರಿವೆಯ ಹಾಗಾಗಿ, ಪಟ್ ಅಂತ ಹೊರಬಿದ್ದು, ಮರುಕ್ಷಣ ಉಬ್ಬಿಕೊಂಡು ಮೊದಲಿನಂತೆ ನಗುತ್ತದೆ. ನನ್ನ ಮೂಗಿನ ಗೊಂಬೆಯನ್ನು ಎಳೆಯುವುದನ್ನು ಮೊದಲ ಸಲ ನೋಡಿದಾಗ ನಾನು ನನ್ನ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಕಾಕಾ ಹೊಟ್ಟೆ ಹಿಡಿದು ನಕ್ಕಿದ್ದ.

ಎಣ್ಣೆಯ ಕಡಾಯಿ ನೋಡಿಕೊಳ್ಳುತ್ತಿದ್ದವಳು ಒಬ್ಬ ಮರಾಠಿ ಹೆಂಗಸು. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಎಷ್ಟು ವರ್ಷ ಪುಣೆಯಲ್ಲಿದ್ದರೂ ಕಾಕಾನ ಮರಾಠಿ ಮಾತ್ರ ವಿಜಾಪುರದ ಹೊಸ್ತಿಲು ದಾಟಿರಲಿಲ್ಲ. ಒಂದು ಶಬ್ದ ಸಿಗದಿದ್ದರೆ ನಡುವೆ ಕನ್ನಡದ್ದನ್ನು ತುರುಕುತ್ತಿದ್ದ. ಒಮ್ಮೆ ದೀಪಾವಳಿಯ ಮುಂಚೆ ತಲೆಗಳು ಬೇಕಾದಷ್ಟಾಗಿ ಕಾಲುಗಳು ಕಡಿಮೆ ಬಿದ್ದವು. ಪೇಟೆಗೆ ಹೋಗಿದ್ದ ಕಾಕಾ ಅಲ್ಲಿಂದಲೇ ಶೆಡ್ಡಿಗೆ ಫೋನ್ ಮಾಡಿ, "ಮಾವಶಿ, ಕಾಲ ಪಾಹಿಜೆ! ಸಗಳೆ ಕಾಲ ಪಾಹಿಜೆ!" ಎಂದು ಕೂಗಿದ. ಅವನ ಲೆಕ್ಕದಲ್ಲಿ ಅದು 'ಎಲ್ಲಾ ಕಾಲು ಬೇಕು'. ಆದರೆ ಮರಾಠಿಯಲ್ಲಿ ಕಾಲ ಎಂದರೆ ನಿನ್ನೆ! 'ಎಲ್ಲಾ ನಿನ್ನೆಯೇ ಬೇಕಿತ್ತು' ಎಂದು ಸಾಹೇಬರು ಬೈದರೆಂದು ಮಾವಶಿಗೆ ಕೈಕಾಲು ಆಡಲಿಲ್ಲ. ಆ ಹೊತ್ತು ಕೈಯಲ್ಲಿದ್ದದ್ದು ತಲೆಯ ಅಚ್ಚು. ಸೆರಗು ಬಿಗಿದು ತಲೆಯ ಮೇಲೆ ತಲೆ ತೆಗೆದಳು.

ಕಾಕಾ ಬಂದು ನೋಡಿದರೆ ಶೆಡ್ಡಿನ ತುಂಬ ತಲೆಗಳ ರಾಶಿ! ಒಂದೂ ಕಾಲಿಲ್ಲ.

"ಕಾಲ ಕುಠೆ?" ಎಂದು ಕಾಕಾ ಚೀರಿದ. ಕಾಲು ಎಲ್ಲಿ?

ಮಾವಶಿ ಅಳುಮೋರೆ ಮಾಡಿ, "ಕಾಲ ಗೇಲಾ ಸಾಹೇಬ, ಆತಾ ಕುಠೂನ ಆಣೂ?" ಎಂದಳು. ನಿನ್ನೆ ಹೋಯಿತು ಸಾಹೇಬರೇ, ಈಗ ಎಲ್ಲಿಂದ ತರಲಿ?

ಕಾಲು ಹೋದವು ಎಂದರೆ ಯಾರೋ ಕದ್ದರೆಂದೇ ತಿಳಿದು ಕಾಕಾ ಶೆಡ್ಡಿನ ಹಿಂದೆಲ್ಲ ಹುಡುಕಾಡಿದ. ಅಷ್ಟರಲ್ಲಿ ಡಬ್ಬಿ ಹಿಡಿದು ಬಂದ ಕಾಕು ವಿಷಯ ತಿಳಿದು ನಕ್ಕು ನಕ್ಕು ಕೆಳಗೆ ಕೂತುಬಿಟ್ಟಳು. ನಕ್ಕು ಮುಗಿದ ಮೇಲೆ ಆ ರಾಶಿಯ ಮೇಲೆ ಕೈಯಾಡಿಸಿ, "ಇಷ್ಟ ತಲಿ ವೇಸ್ಟ ಮಾಡೂ ಬದಲಿ ನಂದೊಂದು ಮಾಡಿದ್ರ ಏನಾಗ್ತಿತ್ರಿ?" ಎಂದಳು. ಕಾಕಾ ಡಬ್ಬಿಯ ಮುಚ್ಚಳ ತೆಗೆದ.

ಎರಡು ಸಾವಿರದ ಇಸವಿ ದಾಟಿತು. ಹೊರದೇಶದ ಅಗ್ಗದ ಗೊಂಬೆಗಳು ಬಂದು ಕಾಕಾನ ಗಿರಾಕಿ ಇಳಿಯಿತು. ಆಗ ಪುಣೆಯದೇ ವಿಮಾನ ನಗರದ ಯಾವುದೋ ಜಾಹೀರಾತು ಆಫೀಸಿನಿಂದ ಬೆಂಗಳೂರು ಕಡೆಯವನೊಬ್ಬ ಕಾರಿನಲ್ಲಿ ಬಂದ. ಕಿವಿಯಲ್ಲಿ ಒಂಟಿ ರಿಂಗು. "ಅಂಕಲ್, ನಂಗೆ ಕಲೆಕ್ಟಿಬಲ್ ಮಾಡಿಕೊಡಿ. ಇದು ಆಡೋಕೆ ಅಲ್ಲ, ಕಲೆಕ್ಟ್ ಮಾಡಿ ಇಡೋಕೆ. ಬಾಕ್ಸ್ ಓಪನ್ ಮಾಡಿದ್ರೆ ವ್ಯಾಲ್ಯೂನೇ ಹೋಗುತ್ತೆ."

ಕಾಕಾ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಆಡೂದಿಲ್ಲ, ಡಬ್ಬಿ ತಗಿಯೂದಿಲ್ಲ. ಮತ್ತ ಒಳಗ ಗೊಂಬಿ ಯಾಕ ಬೇಕ್ರಿ? ಖಾಲಿ ಡಬ್ಬಿ ಕೊಡ್ತೀನಿ, ಒಯ್ರಿ!"

ಆ ಹುಡುಗನಿಗೆ ಬೇಕಾದದ್ದು ಒಂದು ರಾಕ್ಷಸ. "ಕೋಡು ಇರಲಿ, ಕೋರೆಹಲ್ಲು ಇರಲಿ, ನೋಡಿದ್ರೆ ಭಯ ಆಗ್ಬೇಕು, ಬಟ್ ಕ್ಯೂಟ್ ಆಗಿರ್ಬೇಕು ಅಂಕಲ್." ಭಯವೂ ಆಗಬೇಕು, ಮುದ್ದೂ ಬರಬೇಕು! ಅಂಥ ಮುಖ ಎಲ್ಲಿ ಸಿಗಬೇಕು ಹೇಳಿ? ಕಾಕಾ ವಾರವಿಡೀ ತಲೆ ಕೆರೆದುಕೊಂಡು ಕೆತ್ತಿದ. ಗೊಂಬೆಗಳು ಡಬ್ಬಿಯಲ್ಲಿ ಕೂತು ವಿಮಾನ ನಗರಕ್ಕೆ ಹೊರಟು ನಿಂತ ದಿನ ಕಾಕು ಒಂದನ್ನು ಎತ್ತಿ ನೋಡಿದಳು. ಪೊದೆಹುಬ್ಬು, ಗಿಣಿಮೂಗು, ಕೆಳಗೆ ಜೋತ ತುಟಿ.

"ಅಯ್ಯ! ಇದು ನಮ್ಮಪ್ಪ!"

"ಛೇ ಛೇ, ನಿಮ್ಮಪ್ಪಗ ಕೋಡ ಎಲ್ಲಿ ಅದಾವ?"

"ಕೋಡ ಬಿಟ್ಟ್ರ ಉಳಿದದ್ದೆಲ್ಲಾ ನಮ್ಮಪ್ಪನ!"

ಕಾಕಾ, "ನಾ ಬೇಕಂತ ಮಾಡಿಲ್ಲ, ಕೈ ತಾನ ಆ ಕಡೆ ಹೋತು" ಎಂದ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಕಾಕು ಅವತ್ತೇ ಗಂಟು ಕಟ್ಟಿದಳು. ದೌಂಡದಲ್ಲಿ ಅವಳ ತಂಗಿ ಇದ್ದಳು, ತಂಗಿಯ ಗಂಡ ರೈಲ್ವೆಯಲ್ಲಿ. ರೈಲು ಹತ್ತಿಸಲು ಹೋದ ನನ್ನ ಮುಂದೆ ಕಿಟಕಿಯ ಸರಳು ಹಿಡಿದು ಅತ್ತೇಬಿಟ್ಟಳು. "ನಮ್ಮಪ್ಪಂದ ಮಾಡಿದ್ದಕ್ಕ ಸಿಟ್ಟಿಲ್ಲವ್ವಾ. ರಾಕ್ಷಸನ ಮಾರಿ ಮಾಡ್ಲಿಕ್ಕೆ ಕೈ ತಾನ ಹೋಗ್ತದ, ನನ್ನ ಮಾರಿ ಕಡೆ ಹೋಗಂಗಿಲ್ಲ. ಅವರಿಗೆ ನನ್ನ ಮಾರಿ ಸೇರಂಗಿಲ್ಲ, ಅಷ್ಟ." ಕಾಕಾನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ನೇರ ಶೆಡ್ಡಿಗೆ ಹೋಗಿ ಕಾಕು ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದೆ. "ಸೇರಂಗಿಲ್ಲ ಅಂದಳ?" ಎಂದ ಕಾಕಾ. ಬೆಂಚಿನ ಮೇಲೆ ಕೂತ. ಅಷ್ಟೆ. ಆಮೇಲೆ ಎಷ್ಟೋ ದಿನ ಅವನ ಸುದ್ದಿಯೇ ಇಲ್ಲ. ವಡಾಪಾವ್ ತಿಂದುಕೊಂಡು ಶೆಡ್ಡಿನಲ್ಲೇ ಇರುತ್ತಾನೆಂದು ಮಾವಶಿ ಹೇಳಿದಳು. ಕಡೆಗೊಂದು ಬೆಳಿಗ್ಗೆ ಫೋನ್ ಬಂತು. "ಕಾಕೂನ್ನ ಕರಕೊಂಡು ಬಾ. ಹೆಂಗರೆ ಮಾಡಿ ಕರಕೊಂಡು ಬಾ."

ಕಾಕು ಬರಲೊಲ್ಲೆ ಎನ್ನುತ್ತಲೇ ಬಂದಳು. ಹೊರಡುವ ಮುಂಚೆ ಪೌಡರ್ ಹಚ್ಚಿಕೊಳ್ಳಲಿಲ್ಲ. ನಾವು ಶೆಡ್ಡಿಗೆ ಕಾಲಿಟ್ಟಾಗ ತಾಮ್ರದ ಅಚ್ಚೊಂದು ಆಗಷ್ಟೇ ನೀರಿನಿಂದೆದ್ದು ಬೆಂಚಿಗೆ ಬಿಗಿದ ಹಿಡಿಕೆಯಲ್ಲಿ ಕೂತಿತ್ತು. ಕಾಕಾ ಇಕ್ಕಳ ಹಿಡಿದು ಅದರ ಮುಂದೆ ನಿಂತಿದ್ದ, ಮೈಯೆಲ್ಲ ಬೆವರು. ಇಕ್ಕಳವನ್ನು ಕುತ್ತಿಗೆಗೆ ಹಾಕುತ್ತಾನೆ, ತೆಗೆಯುತ್ತಾನೆ. ಹಾಕುತ್ತಾನೆ, ತೆಗೆಯುತ್ತಾನೆ.

"ಥಂಡ ಹೋಯೀಲ ಸಾಹೇಬ!" ಎಂದು ಮಾವಶಿ ಬಡಕೊಳ್ಳುತ್ತಿದ್ದಳು. ಆರಿದರೆ ಗಟ್ಟಿಯಾಗಿ ಒಳಗೇ ಉಳಿಯುತ್ತದೆ.

"ಯಾಕ, ಏನಾತ್ರಿ? ಯಾರ ಅದಾರ ಒಳಗ?" ಎಂದಳು ಕಾಕು.

"ನೀ."

ಕಾಕಾ ನೆಲ ನೋಡುತ್ತಾ ಹೇಳಿದ. "ಎಲ್ಲಾರ ಮಾರೀನೂ ಎಳದೀನಿ. ನಮ್ಮಣ್ಣಂದ ಎಳದೀನಿ, ಈ ಹುಡುಗೀದ ಎಳದೀನಿ. ನಿಂದ ಮಾಡಬೇಕಂತ ಮೇಣ ಹಿಡದಾಗೆಲ್ಲಾ ಈ ಇಕ್ಕಳ ಕಣ್ಣ ಮುಂದ ಬರ್ತದ. ನಿನ್ನ ಮಾರಿ ಹಂಗ ಹಿಂಡಿ ಹಿಂಡಿ... ನಾ ಹೆಂಗ ನೋಡ್ಲಿ? ನನ್ನ ಕೈಲೆ ಆಗಂಗಿಲ್ಲ."

ನನ್ನ ಮೂಗಿನ ವಿಷಯದಲ್ಲಿ ಈ ಕನಿಕರ ಇರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ!

ಕಾಕು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಸರೀರಿ ಆ ಕಡೆ" ಎಂದು ಇಕ್ಕಳ ಕಸಿದುಕೊಂಡಳು. ಕಾಕಾ ಗೋಡೆಯ ಕಡೆ ತಿರುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಕಾಕು ಒಂದು ಕಾಲನ್ನು ಬೆಂಚಿಗೆ ಒತ್ತು ಕೊಟ್ಟು, ಹಲ್ಲು ಕಚ್ಚಿ, ತನ್ನ ಮುಖವನ್ನು ತಾನೇ ಎಳೆದಳು. ಗದ್ದ ಬಂತು, ಕೆನ್ನೆ ಮುದ್ದೆಯಾಗಿ ಬಂತು, ಹುಬ್ಬು ಸೊಟ್ಟಗೆ ಬಂತು, ಪಟ್! ಕಾಕು ಏನನ್ನೋ ಕೇಳುವ ಮುಂಚೆ ಎಡಹುಬ್ಬು ಏರಿಸುತ್ತಾಳಲ್ಲ, ಥೇಟ್ ಹಾಗೆಯೇ ಹುಬ್ಬು ಏರಿಸಿಕೊಂಡು ಅವಳ ಅಂಗೈಯಲ್ಲಿ ಉಬ್ಬಿ ಕೂತಿತು. ಫೋಟೋ ಇಲ್ಲದೆ, ಎದುರಿಗೆ ಅವಳೂ ಇಲ್ಲದೆ ಮಾಡಿದ್ದ. ಕಾಕು ಅದನ್ನು ನೋಡುತ್ತಾ ನೋಡುತ್ತಾ ನಿಂತಳು. ಆಮೇಲೆ ಕಾಕಾನ ಹತ್ತಿರ ಹೋಗಿ ಭುಜ ತಟ್ಟಿದಳು.

"ಕಣ್ಣ ತಗೀರಿ. ನೋಡ್ರಿ, ನಂಗೇನೂ ಆಗಿಲ್ಲ."

ಕಾಕಾ ಕಣ್ಣು ತೆರೆದ. ಗೊಂಬೆಯ ಕಡೆ ನೋಡಲೇ ಇಲ್ಲ. ಎಣ್ಣೆ ಮೆತ್ತಿದ ಎರಡೂ ಕೈಗಳಲ್ಲಿ ಕಾಕುವಿನ ಮುಖ ಹಿಡಿದು, ಗದ್ದ, ಗಲ್ಲ, ಹುಬ್ಬು ಎಲ್ಲ ತಮ್ಮ ತಮ್ಮ ಜಾಗದಲ್ಲಿವೆಯೇ ಎಂದು ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿದ.