ತೊಟ್ಟಿಲ ಕೊಂಡಿಗೆ ಜೋತ ಬಾನಿ

ನಮ್ಮ ಸೋದರಮಾವ ಈ ಲೋಕದಲ್ಲಿ ಎರಡನ್ನು ಮಾತ್ರ ನಂಬುತ್ತಿರಲಿಲ್ಲ. ಒಂದು ದೆವ್ವ, ಇನ್ನೊಂದು ಮೊಳೆ! ದೆವ್ವ ಇಲ್ಲವೇ ಇಲ್ಲ ಎಂಬುದು ಅವನ ವಾದ. ಮೊಳೆ ಇದೆ, ಆದರೆ ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಹೇಳಲಾಗದು ಎಂಬುದು ಇನ್ನೊಂದು ವಾದ. ಬಳ್ಳಾರಿಯಲ್ಲಿ ಅವನದೊಂದು ಸೈಕಲ್ ರಿಪೇರಿ ಅಂಗಡಿ. ಮನೆಯ ಗೋಡೆ ಗಡಿಯಾರವನ್ನು ಸೈಕಲ್ ಚೈನಿನಿಂದ ಕಿಟಕಿಯ ಸರಳಿಗೆ ಕಟ್ಟಿ, ಬೀಗ ಬೇರೆ ಹಾಕಿದ್ದ. ದೇವರ ಪಟಗಳಿಗೂ ಅದೇ ಗತಿ. "ದೇವರನ್ನ ಯಾಕ ಕಟ್ಟಿ ಹಾಕೀದಿ ಮಾವ?" ಎಂದರೆ, "ಬಿದ್ರ ಅವರಿಗೇ ಪೆಟ್ಟಾಗತೈತಿ ಹುಚ್ಚಿ" ಎನ್ನುತ್ತಿದ್ದ.

ಅದು ಎಪ್ಪತ್ತರ ದಶಕ. ಟೀಚರ್ ಟ್ರೈನಿಂಗಿಗೆಂದು ಬಳ್ಳಾರಿಗೆ ಬಂದು ನಾನು ಅವನ ಮನೆಯಲ್ಲೇ ಇದ್ದೆ. ಮಣ್ಣಿನ ಮಾಳಿಗೆಯ ಹಳೇ ಮನೆ. ಪಡಸಾಲೆಯ ನಡುತೊಲೆಗೆ ಒಂದು ಕಬ್ಬಿಣದ ಕೊಂಡಿ, ಅದರಲ್ಲೊಂದು ಕಬ್ಬಿಣದ ಬಳೆ. ತೊಟ್ಟಿಲು ಕಟ್ಟುವ ಕೊಂಡಿ ಅದು. ಹಿಂದಿನ ವರ್ಷ ಅತ್ತೆಯ ಹಸುಗೂಸು ಜ್ವರ ಬಂದು ಹೋಗಿಬಿಟ್ಟಿತ್ತು. ತವರಿನಿಂದ ಬಂದಿದ್ದ ತೊಟ್ಟಿಲು ತವರಿಗೇ, ಸಿರುಗುಪ್ಪಕ್ಕೆ, ಮರಳಿ ಹೋಯಿತು. ಕೊಂಡಿ ಮಾತ್ರ ಉಳಿಯಿತು. ಮಧ್ಯಾಹ್ನ ಬಾಗಿಲುಗಳೆಲ್ಲ ಮುಚ್ಚಿ, ಬಿಸಿಲಿಗೆ ಓಣಿಯೇ ಸತ್ತಂತೆ ಬಿದ್ದಾಗ ಆ ಬಳೆ ಸದ್ದು ಮಾಡುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಕಿರ್... ಕಿರ್... ಯಾರೋ ಖಾಲಿ ತೊಟ್ಟಿಲು ತೂಗಿದಂತೆ. ಖಾಲಿ ತೊಟ್ಟಿಲು ತೂಗಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅತ್ತೆ ಊಟ ಬಿಟ್ಟಳು, ಪಡಸಾಲೆಗೆ ಬರುವುದನ್ನೂ ಬಿಟ್ಟಳು.

"ಆ ಸಪ್ಪಳ ನಿಲ್ಲಿಸ್ರಿ. ಇಲ್ಲಂದ್ರ ಅಣ್ಣ ಬಂದಾಗ ಅವನ ಜೊತಿ ಸಿರುಗುಪ್ಪಕ್ಕ ಹೋಗಿಬಿಡ್ತೀನಿ. ಮತ್ತ ಬರಂಗಿಲ್ಲ" ಎಂದು ಒಂದು ದಿನ ಹೇಳಿಯೇಬಿಟ್ಟಳು. ಮಾವನ ಮುಖ ಸಪ್ಪಗಾಯಿತು. ದೆವ್ವವನ್ನು ನಂಬದವನೂ ಹೆಂಡತಿಯ ಮಾತನ್ನು ನಂಬಲೇಬೇಕಲ್ಲ!

ಕೊಂಡಿಯನ್ನೇ ಕಿತ್ತರಾಯಿತು ಅಂತೀರಾ? ಕುರುಗೋಡಿನಲ್ಲಿದ್ದ ನಮ್ಮ ಅಜ್ಜಿ, ಅಂದರೆ ಮಾವನ ತಾಯಿ, ಕೇಳಬೇಕಲ್ಲ! "ತೊಟ್ಟಿಲ ಕೊಂಡಿ ಕಿತ್ತಿದ ಮನ್ಯಾಗ ಮತ್ತ ತೊಟ್ಟಿಲು ಕಟ್ಟಂಗಿಲ್ಲ. ಕಿತ್ತಿ ಅಂದ್ರ ನಿನ್ನ ಮನಿ ನೀರು ಮುಟ್ಟಂಗಿಲ್ಲ ನೋಡು" ಎಂದಳು. ಮಾವ ಎಣ್ಣೆ ಹಾಕಿ ನೋಡಿದ. ಅಂಗಡಿಯ ಎಣ್ಣೆ ಡಬ್ಬಿ ಬರಿದಾಯಿತು, ತೊಟ್ಟಿಕ್ಕಿದ ಎಣ್ಣೆಯ ಮೇಲೆ ನಾನು ಜಾರಿ ಬಿದ್ದೆ, ಅತ್ತೆಗೆ ಕೇಳುವ ಸದ್ದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಮಾವ ಶಾಸ್ತ್ರ ಹೇಳಿದ: "ಹಗುರ ಇದ್ದದ್ದು ಅಲುಗಾಡತೈತಿ, ಅಲುಗಾಡಿದ್ದು ಸಪ್ಪಳ ಮಾಡತೈತಿ. ಭಾರ ಜೋತು ಹಾಕಿದ್ರ ಬಾಯಿ ಮುಚ್ಕೊಂಡು ಬಿದ್ದಿರತೈತಿ." ಹೀಗೆ ಕುರುಗೋಡಿನಿಂದ ಒಂದು ಮಣ್ಣಿನ ಬಾನಿ ಬಸ್ಸಿನ ಮೇಲೆ ಕೂತು ಬಂತು. ದನಕ್ಕೆ ನೀರು ಕುಡಿಸುವಂಥದ್ದು! ಅದನ್ನು ತೊಲೆಗೆ ಜೋತು ಹಾಕಿ ಗಿಡ ನೆಡುವುದಂತೆ.

ಜೋತು ಹಾಕುವ ಮುಂಚೆ ಪರೀಕ್ಷೆಯಾಗಬೇಡವೇ? "ಬಾನಿ ಭಾರಕ್ಕಿಂತ ಎರಡರಷ್ಟು ತಡೀಬೇಕು" ಎಂದು ಮಾವ ಕೊಂಡಿಗೆ ಚೈನು ಸಿಕ್ಕಿಸಿ, ಎರಡೂ ಕೈಯಿಂದ ಹಿಡಿದು, ಕಾಲು ಮಡಚಿ ತಾನೇ ಜೋತುಬಿದ್ದ. ಬಿಳಿ ಪಂಚೆ, ಅರೆಗತ್ತಲ ಪಡಸಾಲೆ. ಅದೇ ಹೊತ್ತಿಗೆ ಪಕ್ಕದ ಮನೆಯ ತೆಲುಗು ಮುದುಕಿ ಮೊಸರಿಗೆ ಹೆಪ್ಪು ಕೇಳಲು ಬಂದಳು. "ಅಯ್ಯೋ ದೇವುಡಾ!" ಬಟ್ಟಲು ಠಣ್ಣೆಂದು ಬಿತ್ತು. ಮೇಲಿನಿಂದ ಮಾವನ ದನಿ ಬಂತು: "ಗಾಬರಿ ಆಗಬ್ಯಾಡ್ರಿ, ಜೀವಂತ ಅದೀನಿ. ಹೆಪ್ಪು ಒಳಗೈತಿ, ಹೋಗ್ರಿ." ನೇಣಿನಲ್ಲಿ ಜೋತಾಡುವವನು ಹೆಪ್ಪಿನ ವಿಚಾರ ಮಾತಾಡಿದರೆ ಯಾರಿಗೆ ತಾನೇ ಜ್ವರ ಬರುವುದಿಲ್ಲ? ಮುದುಕಿಯ ಜ್ವರ ದರ್ಗಾದ ತಾಯಿತ ಕಟ್ಟಿದ ಮೇಲೆಯೇ ಇಳಿದದ್ದು. ಆಮೇಲಿಂದ ಆಕೆ ಹೊಸ್ತಿಲಾಚೆಯೇ ನಿಂತು, "ಕೆಳಗ ಅದಾರೇನ್ರಿ?" ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದಳು.

ಬಾನಿ ಏರಿತು. ಆದರೆ ಮಾವ ಭಾರ ನೋಡಿದ್ದು ಒಣಮಣ್ಣಿನದ್ದು! ಅದೂ ಪಕ್ಕದ ಮೋಕ ಊರಿನ ಹೊಲದ ಕಪ್ಪು ಎರೆಮಣ್ಣು. ನಮ್ಮ ಎರೆಮಣ್ಣಿಗೆ ನೀರು ತೋರಿಸಿದರೆ ಮದುವೆಗೆ ಬಂದ ಬೀಗರ ಹಾಗೆ ಸಾಕು ಎನ್ನುವುದೇ ಇಲ್ಲ. ಅತ್ತೆ ಅದರಲ್ಲಿ ದೊಡ್ಡಪತ್ರೆ ನೆಟ್ಟು ನೀರು ಹಾಕಿದ್ದೇ ತಡ, ಮಣ್ಣು ಕುಡಿದು ಉಬ್ಬಿತು, ತೊಲೆ ನರಳಿತು, ಮಾಳಿಗೆಯಿಂದ ಮಣ್ಣು ಉದುರಿತು. ಯಾರೂ ಕೆಳಗೆ ಹಾಯದಂತೆ ಮಾವ ಸುತ್ತಲೂ ಗಿರಾಕಿಗಳ ಸೈಕಲ್ಲು ನಿಲ್ಲಿಸಿದ. ಮರುದಿನ ಬಾನಿ ಇಳಿಸಿ, ತಳಕ್ಕೆ ತೂತು ಕೊರೆದು, ಅರ್ಧ ಮಣ್ಣು ತೆಗೆದು ತೆಂಗಿನ ನಾರು ತುಂಬಿ ಮತ್ತೆ ಏರಿಸಿದ. ಈಗ ಬಾನಿ ಅಲುಗಲಿಲ್ಲ. ಸದ್ದೂ ನಿಂತಿತು. ಅತ್ತೆ ಪಡಸಾಲೆಗೆ ಬಂದು ದೊಡ್ಡಪತ್ರೆಯ ಎಲೆ ಸವರಿದಳು. ಮಾವ ಕುಸ್ತಿ ಗೆದ್ದ ಪೈಲ್ವಾನನಂತೆ ಓಣಿಯಲ್ಲಿ ಓಡಾಡಿದ.

ಆಮೇಲೊಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಒಬ್ಬಳೇ ಮಲಗಿದ್ದೆ. ಕಿಟಕಿ ಬಾಗಿಲು ಮುಚ್ಚಿತ್ತು. ಗೋಡೆಯ ಕ್ಯಾಲೆಂಡರಿನ ಹಾಳೆಯೂ ಅಲುಗುತ್ತಿರಲಿಲ್ಲ. ಬಾನಿ ಮಾತ್ರ ತೂಗುತ್ತಿತ್ತು! ಕಿರ್... ಕಿರ್... ಕೂಸಿಗೆ ಇನ್ನೇನು ನಿದ್ದೆ ಹತ್ತುವಾಗ ತೂಗುವ ಹಾಗೆ, ನಿಧಾನವಾಗಿ. ಬಳ್ಳಾರಿಯ ಬೇಸಿಗೆಯಲ್ಲಿ ನನ್ನ ಬೆನ್ನು ತಣ್ಣಗಾಯಿತು. ಹೊರಳಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ನಿನಗೂ ಕೇಳಿಸ್ತಲ್ಲ?" ಎಂದಳು, ಅಷ್ಟೇ. ಮಾವನಿಗೆ ಹೇಳಿದರೆ ಮೊದಲು "ಇಲಿ" ಎಂದ. ಆಮೇಲೆ ರೈಲು ಹೋದ ಅದುರು ಎಂದ. ಆದರೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಮುಂದಿನ ವಾರ ಸಿರುಗುಪ್ಪದಿಂದ ಅತ್ತೆಯ ಅಣ್ಣ ಬಂದ. ಅತ್ತೆ ಟ್ರಂಕು ತುಂಬಿ ಬಾಗಿಲ ಬಳಿ ಇಟ್ಟಳು. ಎಲ್ಲರೂ ಅಡುಗೆಮನೆಯಲ್ಲಿ ಉಣ್ಣಲು ಕೂತೆವು. ಮಾವ ತುತ್ತು ಎತ್ತಲಿಲ್ಲ. ಅವನನ್ನು ನೋಡಿ ನನಗೆ ಅಳುವೇ ಬಂತು. "ಮಧ್ಯಾಹ್ನದ ಬಸ್ಸಿಗೆ ಹೊಂಟಬಿಡೂಣು. ಅಲ್ಲಿ ನಿನ್ನ ನೋಡ್ಕೊಳಾಕ ಎಲ್ಲಾರೂ ಅದೀವಿ" ಎಂದು ಅಣ್ಣ ಹೇಳುತ್ತಿರುವಾಗಲೇ ಪಡಸಾಲೆಯಲ್ಲಿ ಶುರುವಾಯಿತು. ಕಿರ್... ಕಿರ್... ಅಲ್ಲಿ ಯಾರೂ ಇರಲಿಲ್ಲ. ಅಣ್ಣನ ಕೈಯ ರೊಟ್ಟಿ ಬಾಯಿಗೆ ಹೋಗದೆ ನಿಂತಿತು. "ಏನದು?" ಎಂದ. ಮಾವ ಎದ್ದು ಎಣ್ಣೆ ಡಬ್ಬಿಗೆ ಕೈ ಹಾಕಿದ.

ಅತ್ತೆ ಅವನ ಕೈ ಹಿಡಿದಳು. "ಬ್ಯಾಡ್ರಿ. ಈಗೇನು ಖಾಲಿ ಇಲ್ಲಲ್ಲ ಅದು. ತೂಗಲಿ ಬಿಡ್ರಿ." ಆಮೇಲೆ ಅಣ್ಣನ ಕಡೆ ತಿರುಗಿ, "ನೀ ಹೋಗಿ ಬಾ ಅಣ್ಣ. ನಾ ಬರಂಗಿಲ್ಲ" ಎಂದಳು.

"ಹುಚ್ಚು ಹಿಡದೈತೇನು ನಿನಗ? ಇಂಥಾ ಮನ್ಯಾಗ..." ಅಣ್ಣ ದನಿ ಏರಿಸಿದ.

ಮಾವ, ಹುಟ್ಟಿದಂದಿನಿಂದ ದೆವ್ವವನ್ನು ನಂಬದ ನಮ್ಮ ಮಾವ, ಡಬ್ಬಿ ಕೆಳಗಿಟ್ಟ. ಪಡಸಾಲೆಯ ಕದವನ್ನು ಸದ್ದಾಗದಂತೆ ಮುಂದೆ ಮಾಡಿ ಪಿಸುದನಿಯಲ್ಲಿ ಹೇಳಿದ:

"ಮೆಲ್ಲಕ ಮಾತಾಡ್ರಿ. ಎಚ್ಚರಾದೀತು."