ಅಧ್ಯಕ್ಷರ ಬೆನ್ನು

"ಈ ಗೋಡಿ ಮ್ಯಾಲ ಒಂದ ಒಂದು ಕಲೆ ಬಿದ್ರ ನನ್ನ ಹೆಸರು ಸೂರ್ಯಕಾಂತನ ಅಲ್ಲ!"

ಮಲ್ಕಾಜ್‌ಗಿರಿಯ ಆ ಕಾಲೊನಿಯ ಸಂಘದ ಅಧ್ಯಕ್ಷರೂ ರೈಲ್ವೆ ನೌಕರರೂ ಆದ ಸೂರ್ಯಕಾಂತರು ಹೀಗೆ ಗುಡುಗಿದ್ದು ಸಂಕ್ರಾಂತಿ ಹತ್ತಿರವಿದ್ದಾಗ, ಒಂದು ಭಾನುವಾರ. ಮೂರು ದಾರಿ ಕೂಡುವಲ್ಲಿದ್ದ ಗೋಡೆಗೆ ಸುಣ್ಣ ಬಳಿಸಿ, ನವಿಲು ಬರೆಸಿ, ಎದುರಿನ ಕಂಬಕ್ಕೆ ಕ್ಯಾಮೆರಾ ಕಟ್ಟಿಸಿ, ತಾವೇ ರಿಬ್ಬನ್ ಕತ್ತರಿಸಿದರು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರ ಎದೆ ಎಷ್ಟು ಉಬ್ಬಿತೆಂದರೆ, ಜುಬ್ಬಾದ ಒಂದು ಗುಂಡಿ ಸ್ಥಳದಲ್ಲೇ ರಾಜೀನಾಮೆ ಕೊಟ್ಟಿತು!

ಮನೆಗೆ ಬಂದರೆ ಹೆಂಡತಿ ಶಿವದೇವಿ ಬಾಗಿಲಲ್ಲೇ ತಡೆದಳು. "ಅಲ್ಲೇ ನಿಂದರ್ರಿ! ಇಡೀ ಕಾಲೊನಿ ಕಣ್ಣು ನಿಮ್ಮ ಮ್ಯಾಲ ಬಿದ್ದೈತಿ" ಎಂದು ದೃಷ್ಟಿ ನಿವಾಳಿಸಿದ ಮೇಲೆಯೇ ಒಳಗೆ ಬಿಟ್ಟುಕೊಂಡದ್ದು.

ಬೆಳಗಾಗೆದ್ದು ನೋಡಿದರೆ, ನವಿಲಿನ ಕೊಕ್ಕಿನಿಂದ ಬಾಲದವರೆಗೆ ಕೆಂಪೋ ಕೆಂಪು!

ಗೋಡೆಯ ಪಕ್ಕ ಆಟೊ ನಿಲ್ಲಿಸಿ ಬಾಡಿಗೆ ಕಾಯುವ ದ್ಯಾವಪ್ಪ ಎಂದಿನಂತೆ ಪಾನ್ ಜಗಿಯುತ್ತಿದ್ದ. ಇನ್ನೇನು ಬೇಕು? ಕೆಂಪು ಗೋಡೆ, ಕೆಂಪು ಬಾಯಿ. ಅಧ್ಯಕ್ಷರು ಎರಡನ್ನೂ ಒಮ್ಮೆ ನೋಡಿದರು, ಅಲ್ಲೇ ತೀರ್ಪು ಕೊಟ್ಟರು.

"ಎತ್ತೋ ಗಾಡಿ! ಇವತ್ತಿಂದ ಇಲ್ಲಿ ನಿಲ್ಲಂಗಿಲ್ಲ!"

"ಸಾಹೇಬ್ರ, ಇಷ್ಟು ಉಗುಳಬೇಕಂದ್ರ ನಾ ಮನುಷ್ಯಾ ಅಲ್ಲ, ನೀರಿನ ಟ್ಯಾಂಕರ್ ಆಗಬೇಕು! ಈ ಜಾಗ ಬಿಟ್ರ ನನ್ನ ಗಿರಾಕಿ ಎಲ್ಲಿ ಹುಡುಕ್ಲಿ? ಕ್ಯಾಮೆರಾ ಹಾಕ್ಸೀರಲ್ಲ, ಅದನ್ನ ಕೇಳ್ರಿ. ನನ್ನ ಬಾಯಿ ಯಾಕ ನೋಡಾಕತ್ತೀರಿ?"

"ಕೇಳೋಣ ನಡಿ! ಪೊಲೀಸ್ ಠಾಣೆದಾಗ ಕೇಳೋಣ!"

ಠಾಣೆಯ ಪರದೆಯ ಮೇಲೆ ಹಿಂದಿನ ಮುಸ್ಸಂಜೆ ಓಡಿತು. ಒಂದು ಸ್ಕೂಟರ್ ಬಂತು. ಮಂಕಿ ಕ್ಯಾಪ್ ಹಾಕಿ ಶಾಲು ಹೊದ್ದ ಒಬ್ಬ ಆಸಾಮಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಕೈಯಲ್ಲಿದ್ದುದನ್ನು ಪಕ್ಕಕ್ಕೆ ಬೀಸಿ ಚೆಲ್ಲಿ, ತಿರುಗಿಯೂ ನೋಡದೆ ಹೊರಟುಹೋದ. ದ್ಯಾವಪ್ಪನಿಗೆ ಹೋದ ಉಸಿರು ಬಂತು. ಅಧ್ಯಕ್ಷರಿಗೆ ಮಾತ್ರ ಪಿತ್ತ ನೆತ್ತಿಗೇರಿತು.

"ಆ ಕುತ್ತಿಗಿ ನೋಡ್ರಿ, ಕೋಣನ ಕುತ್ತಿಗಿ! ಕುಂತ ಗತ್ತು ನೋಡ್ರಿ, ರೋಡ್ ಅವರಪ್ಪಂದು! ಇಂಥವನ ಕೂಡ ಅವನ ಹೆಂಡ್ತಿ ಹೆಂಗ ಬಾಳ್ವೆ ಮಾಡ್ತಾಳೋ!"

"ಸಬರ್ ಕರೋ ಸಾಬ್" ಎಂದು ಸಮಾಧಾನ ಮಾಡಿ, ಇನ್‌ಸ್ಪೆಕ್ಟರು ನಂಬರ್ ಪ್ಲೇಟನ್ನು ದೊಡ್ಡದು ಮಾಡಿ, ಕಂಪ್ಯೂಟರಿಗೆ ಹಾಕಿದರು. ಗಾಡಿಯ ಜಾತಕವೇ ಬಿಚ್ಚಿಕೊಂಡಿತು. ಮಾಲೀಕನ ಮೊಬೈಲ್ ನಂಬರೂ ಇತ್ತು. ಹಚ್ಚಿದರು.

ಅಧ್ಯಕ್ಷರ ಕಿಸೆ ಹಾಡತೊಡಗಿತು. "ಸಾಲ ಬೇಕೇನ್ರಿ ಅಂತ ಹೊತ್ತಿಲ್ಲ ಗೊತ್ತಿಲ್ಲ, ಕಾಡ್ತಾವು!" ಎಂದು ಕತ್ತರಿಸಿದರು. ಇನ್‌ಸ್ಪೆಕ್ಟರು ಮತ್ತೆ ಹಚ್ಚಿದರು. ಕಿಸೆ ಮತ್ತೆ ಹಾಡಿತು! ಇನ್‌ಸ್ಪೆಕ್ಟರು ಕಿಸೆ ನೋಡಿದರು. ದ್ಯಾವಪ್ಪ ಕಿಸೆ ನೋಡಿದ. ಕಟ್ಟಕಡೆಗೆ, ಒಲ್ಲದ ಮನಸ್ಸಿನಿಂದ, ಸೂರ್ಯಕಾಂತರೂ ನೋಡಿದರು.

"ಆಪ್ ಹೀ ಹೈ ಕ್ಯಾ, ಸಾಬ್?"

ತನ್ನ ಬೆನ್ನನ್ನು ತಾನು ಕಂಡ ಗಂಡಸು ಯಾವನಿದ್ದಾನೆ? ಈಗ ಎಲ್ಲ ನೆನಪಾಯಿತು. ನಿವಾಳಿಸಿದ ಅರಿಸಿನ-ಸುಣ್ಣದ ಕೆಂಪು ನೀರಿನ ತಂಬಿಗೆಯನ್ನು, ಮೊಸರು ತರಲು ಹೊರಟ ಗಂಡನ ಕೈಗಿಟ್ಟು ಶಿವದೇವಿ ಹೇಳಿದ್ದಳು: "ಮೂರು ದಾರಿ ಕೂಡೋಕಡೆ ಚೆಲ್ರಿ. ಹಿಂದ ಮಾತ್ರ ತಿರುಗಿ ನೋಡಬ್ಯಾಡ್ರಿ, ದೃಷ್ಟಿ ಬೆನ್ನು ಹತ್ತತೈತಿ." ಆಜ್ಞಾಧಾರಕ ಗಂಡ! ನೀರು ಗಟಾರಕ್ಕೆ ಬಿತ್ತೆಂದುಕೊಂಡು ಸೀದಾ ಮೊಸರಿನಂಗಡಿಗೆ ಹೋಗಿದ್ದರು.

ಎರಡೆರಡು ಕಣ್ಣಿದ್ದ ಅಧ್ಯಕ್ಷರು ಬಡವನ ಬಾಯಿಯ ಬಣ್ಣ ನೋಡಿದರು. ಕಂಬದ ಮೇಲಿನ ಒಂಟಿಗಣ್ಣಿನ ಡಬ್ಬಿ ಗಾಡಿಯ ನಂಬರ್ ನೋಡಿತು. ಡಬ್ಬಿಗಿರುವಷ್ಟು ನ್ಯಾಯ ನಮಗಿಲ್ಲವಾದರೆ ಸಂಘ ಯಾಕೆ, ಅಧ್ಯಕ್ಷಗಿರಿ ಯಾಕೆ!

"ಕೇಸ್ ಕರೂಂ ಕ್ಯಾ?" ಎಂದರು ಇನ್‌ಸ್ಪೆಕ್ಟರು, ಮೀಸೆಯೊಳಗೇ ನಗುತ್ತ. ಸೂರ್ಯಕಾಂತರು ಕೈ ಮುಗಿದರು, ಮೊದಲು ಇನ್‌ಸ್ಪೆಕ್ಟರಿಗಲ್ಲ, ದ್ಯಾವಪ್ಪನಿಗೆ. "ತಪ್ಪಾತೋ ತಮ್ಮಾ. ಜಾಗ ನಿಂದ. ಗೋಡಿ ನಾ ತೊಳಿತೀನಿ."

"ಅದು ಇರ್ಲಿ ಸಾಹೇಬ್ರ" ಎಂದ ದ್ಯಾವಪ್ಪ, ಗಂಭೀರವಾಗಿ. "ನಿನ್ನೆ ಆಣೆ ಮಾಡಿದ್ರಲ್ಲ. ಇವತ್ತಿಂದ ನಿಮ್ಮನ್ನ ಏನಂತ ಕರೀಬೇಕ್ರಿ?"

ಅಧ್ಯಕ್ಷರು ಅವನ ಆಟೊದಲ್ಲೇ ಮರಳಿದರು. ಪ್ಯಾಂಟು ಮಡಚಿ ಗೋಡೆ ತಿಕ್ಕತೊಡಗಿದರು. ದ್ಯಾವಪ್ಪ ಬಕೆಟ್ಟಿನಿಂದ ನೀರು ಎರಚಿದ. ಕಲೆಯ ಜೊತೆ ನವಿಲಿನ ಅರ್ಧ ಬಾಲವೂ ಹೋಯಿತು. ಉಳಿದದ್ದು ಹೆಚ್ಚುಕಡಿಮೆ ಕೋಳಿ. ಆದರೆ ವಿಷಯ ತಿಳಿಯದ ಜನ ನೆರೆದು ಫೋಟೊ ಹೊಡೆದುಕೊಂಡರು. "ಪ್ರೆಸಿಡೆಂಟ್ ಸಾಬ್ ಸ್ವತಃ! ಏನು ಸೇವೆ, ಏನು ಸರಳತೆ!"

ಕೆಲಸ ಮುಗಿಸಿ, ಬೆನ್ನು ಹಿಡಿದುಕೊಂಡು ಮನೆಗೆ ಬಂದರೆ, ಶಿವದೇವಿ ಬಾಗಿಲಲ್ಲೇ ತಂಬಿಗೆ ಹಿಡಿದು ನಿಂತಿದ್ದಳು!

"ಮಂದಿ ಭಾಳ ಹೊಗಳ್ಯಾರ್ರಿ. ನಿವಾಳಿಸ್ತೀನಿ, ಚೆಲ್ಲಿ ಬರ್ರಿ."

ಸೂರ್ಯಕಾಂತರು ಮೆತ್ತಗೆ ಕೇಳಿದರು: "ಏನಽ, ಈ ಸಲ ಒಂದ ಸಲ, ಹಿಂದ ತಿರುಗಿ ನೋಡಬಹುದೇನು?"

"ನೀವ್ಯಾಕ ನೋಡ್ತೀರಿ? ನೋಡಾಕಂತನ ಕಂಬಕ್ಕ ಕ್ಯಾಮೆರಾ ಕಟ್ಸೀರಲ್ಲ!"